ನಾಯಕನ ಮನೆಯಂಗಳದ ನ್ಯಾಯ

ಹಾವೇರಿ ಜಿಲ್ಲೆಯ ಲಂಬಾಣಿ ತಾಂಡಾಗಳಲ್ಲಿ ಗಂಡ ಹೆಂಡಿರ ನಡುವೆ ಮನಸ್ತಾಪ ಬಂದರೆ, ಅಣ್ಣ ತಮ್ಮಂದಿರ ನಡುವೆ ಬದುವಿನ ತಕರಾರು ಎದ್ದರೆ, ಕೈಗಡ ಕೊಟ್ಟ ಹಣ ತಿರುಗಿ ಬಾರದೇ ಹೋದರೆ ಜನ ಮೊದಲು ಹೋಗುವುದು ನಾಯಕನ ಮನೆಗೆ. ಪೊಲೀಸ್ ಠಾಣೆಯ ನೆನಪಾಗುವುದು ಆಮೇಲೆ. ಹಾವೇರಿಯಲ್ಲಿ ಜಿಲ್ಲಾ ನ್ಯಾಯಾಲಯವಿದೆ, ರಾಣೆಬೆನ್ನೂರು, ಬ್ಯಾಡಗಿಗಳಲ್ಲೂ ಕೋರ್ಟುಗಳಿವೆ. ದಾರಿಯೇನೂ ದೂರವಲ್ಲ. ಆದರೂ ‘ಹಿರಿಯರು ಕೂತು ಹೇಳಲಿ, ಆಮೇಲೆ ನೋಡೋಣು’ ಎಂಬ ಮಾತು ಇಂದಿಗೂ ಚಲಾವಣೆಯಲ್ಲಿದೆ.

ಈ ಮಾತಿನ ಹಿಂದೆ ಒಂದು ವ್ಯವಸ್ಥೆಯೇ ಇದೆ. ಪ್ರತಿ ತಾಂಡಾಕ್ಕೆ ಒಬ್ಬ ನಾಯಕ, ಅವನ ಜೊತೆಗೆ ಡಾವ್ ಮತ್ತು ಕಾರಭಾರಿ. ನಾಯಕನದು ಕೊನೆಯ ಮಾತು. ಡಾವ್ ಅನುಭವಸ್ಥ, ಸಲಹೆ ಕೊಡುವವನು. ಕಾರಭಾರಿ ಮನೆಮನೆಗೆ ಸುದ್ದಿ ಮುಟ್ಟಿಸಿ, ಜನರನ್ನು ಕೂಡಿಸಿ, ಹೇಳಿದ್ದು ನಡೆಯುವಂತೆ ನೋಡಿಕೊಳ್ಳುವವನು. ಈ ಪದವಿಗಳು ಸಂಪ್ರದಾಯದಂತೆ ತಂದೆಯಿಂದ ಮಗನಿಗೆ ಬರುತ್ತವೆ. ಹೀಗೆ ಕೂಡುವ ನ್ಯಾಯಸಭೆಗೆ ಲಂಬಾಣಿಗರ ಗೋರ್ ಭಾಷೆಯಲ್ಲಿ ನಸಾಬ್ ಎನ್ನುತ್ತಾರೆ. ಸುತ್ತಲಿನ ಕನ್ನಡದವರ ಬಾಯಲ್ಲಿ ಅದು ಪಂಚಾಯ್ತಿ.

ಈ ಪಂಚಾಯ್ತಿ ಹುಟ್ಟಿದ್ದು ದಾರಿಯ ಮೇಲೆ. ಲಂಬಾಣಿಗರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ದೇಶದ ಉದ್ದಗಲ ತಿರುಗಿದ ಜನ. ಇಂದು ಒಬ್ಬ ರಾಜನ ಸೀಮೆ, ನಾಳೆ ಇನ್ನೊಬ್ಬನದು. ನಡುದಾರಿಯಲ್ಲಿ ಜಗಳವಾದರೆ ಯಾವ ಊರ ಗೌಡನಿಗೆ ಹೇಳುವುದು? ಹಾಗಾಗಿ ತಾಂಡಾ ನಡೆದಲ್ಲೆಲ್ಲ ಅದರ ನ್ಯಾಯವೂ ನಡೆಯಿತು. ಎತ್ತಿನ ಸಾಲನ್ನು ಮುನ್ನಡೆಸುತ್ತಿದ್ದ ನಾಯಕನೇ ವ್ಯಾಜ್ಯಕ್ಕೂ ಯಜಮಾನನಾದ. 1880ರ ದಶಕದಲ್ಲಿ ಸದರ್ನ್ ಮರಾಠಾ ರೈಲ್ವೆಯ ಹುಬ್ಬಳ್ಳಿ–ಹರಿಹರ ಮಾರ್ಗ ಹಾವೇರಿ, ಬ್ಯಾಡಗಿ, ರಾಣೆಬೆನ್ನೂರುಗಳ ಮೂಲಕ ಹಾದುಹೋಯಿತು. ರೈಲು ಬಂದಲ್ಲೆಲ್ಲ ಎತ್ತಿನ ವ್ಯಾಪಾರ ಮುಗಿಯಿತು, ತಾಂಡಾಗಳು ಗುಡ್ಡದ ಬದಿ, ಕಾವಲಿನ ಅಂಚು ಹಿಡಿದು ನೆಲೆನಿಂತವು. ಹೇರು ಹೋದರೂ ನಾಯಕ ಉಳಿದ.

ಬರೀ ಉಳಿಯಲಿಲ್ಲ, ಅವನ ಅಗತ್ಯ ಇನ್ನೂ ಹೆಚ್ಚಿತು. 1871ರಲ್ಲಿ ಮೊದಲು ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆಯ ಕಾಲದಲ್ಲಿ ಅಲೆಮಾರಿಗಳೆಂದರೆ ಸರ್ಕಾರದ ಕಣ್ಣಿಗೆ ಹುಟ್ಟಾ ಕಳ್ಳರು. ಹುಬ್ಬಳ್ಳಿ, ಗದಗಗಳಲ್ಲಿ ಅವರಿಗಾಗಿ ತಂತಿಬೇಲಿಯ ವಸಾಹತುಗಳೇ ಎದ್ದವು. ಆ ಬಡಾವಣೆಗಳಿಗೆ ಇಂದಿಗೂ ‘ಸೆಟ್ಲಮೆಂಟ್’ ಎಂದೇ ಹೆಸರು. ಕಾಯ್ದೆ ರದ್ದಾಗಿದ್ದು 1952ರಲ್ಲಿ. ಠಾಣೆಯ ಮೆಟ್ಟಿಲು ಹತ್ತಿದರೆ ದೂರು ಕೊಟ್ಟವನೇ ಒಳಗೆ ಹೋಗಬೇಕಾದ ಕಾಲವನ್ನು ಕಂಡ ಸಮುದಾಯಗಳು ತಮ್ಮ ಜಗಳವನ್ನು ತಮ್ಮೊಳಗೇ ತೀರಿಸಿಕೊಂಡಿದ್ದರಲ್ಲಿ ಆಶ್ಚರ್ಯವಿಲ್ಲ. ಪಂಚಾಯ್ತಿಯನ್ನು ‘ಹಳೇ ಕಾಲದ ಪದ್ಧತಿ’ ಎಂದು ತಳ್ಳಿಹಾಕುವವರು ಈ ಭಯದ ಇತಿಹಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬೇಕು.

ಪಂಚಾಯ್ತಿ ಕೂಡುವ ಬಗೆ ಸಾಮಾನ್ಯವಾಗಿ ಹೀಗಿರುತ್ತದೆ. ಗುಳೆ ಹೋದವರು ಊರಿಗೆ ಮರಳುವ ಹೋಳಿ, ದೀಪಾವಳಿಯ ದಿನಗಳೇ ಅದಕ್ಕೆ ಹೆಚ್ಚು ಅನುಕೂಲ. ಕಾಫಿ ತೋಟಕ್ಕೋ ಗೋವಾದ ಕಟ್ಟಡ ಕೆಲಸಕ್ಕೋ ಹೋದವರು ಬಂದಿರುತ್ತಾರೆ, ಎರಡೂ ಕಡೆಯವರು ಸಿಗುತ್ತಾರೆ. ವ್ಯಾಜ್ಯ ಎರಡು ತಾಂಡಾಗಳ ನಡುವಿನದಾದರೆ ಇಬ್ಬರು ನಾಯಕರೂ ಕೂಡಬೇಕು, ಜೊತೆಗೆ ಮೂರನೆಯ ತಾಂಡಾದಿಂದ ಒಬ್ಬ ಹಿರಿಯನನ್ನು ಕರೆಸುವುದೂ ಉಂಟು. ನಾಯಕನ ಮನೆಯ ಅಂಗಳದಲ್ಲೋ ಸೇವಾಲಾಲ್–ಮರಿಯಮ್ಮನ ಗುಡಿಯ ಮುಂದೋ ಜಮಖಾನೆ ಹಾಸುತ್ತಾರೆ. ದೂರು ತಂದವನು ಎದ್ದು ನಿಂತು, ಕೂತ ಜನರಿಗೆ ಕೈಮುಗಿದು ಮಾತು ಶುರು ಮಾಡುತ್ತಾನೆ.

ಮದುವೆ ಮುರಿದ ವ್ಯಾಜ್ಯವಾದರೆ ಮೊದಲು ಹೊರಬರುವುದು ಪಟ್ಟಿ. ಶಾಲೆಯ ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದಿಟ್ಟದ್ದು: ಬಂಗಾರ ಎಷ್ಟು ಗ್ರಾಂ, ಮಂಚ, ಅಲ್ಮೇರಾ, ತಾಮ್ರದ ಹಂಡೆ, ವರನಿಗೆ ಕೊಟ್ಟ ಬೈಕು. ಯಾರೋ ಓದು ಬಲ್ಲ ಹುಡುಗ ಅದನ್ನು ಗಟ್ಟಿಯಾಗಿ ಓದುತ್ತಾನೆ. ಒಂದೊಂದು ವಸ್ತುವಿಗೂ ಹೌದು, ಅಲ್ಲ ನಡೆಯುತ್ತದೆ. ‘ಹಂಡೆ ನಿಮ್ಮ ಮನೀಗೇ ವಾಪಸ್ ಬಂದೈತಲ್ಲ’ ಎಂದು ಒಬ್ಬ ಕೂಗಿದರೆ, ಅದನ್ನು ಹೊತ್ತು ತಂದ ಟ್ರಾಕ್ಟರಿನವನು ಅಲ್ಲೇ ಕೂತಿರುತ್ತಾನೆ, ಸಾಕ್ಷಿಗೆ ಸಮನ್ಸ್ ಬೇಕಾಗುವುದಿಲ್ಲ. ನಡುನಡುವೆ ನಾಯಕ ಎರಡೂ ಕಡೆಯ ಹಿರಿಯರನ್ನು ಬೇರೆ ಬೇರೆಯಾಗಿ ಪಕ್ಕಕ್ಕೆ ಕರೆದು ಮಾತಾಡಿಸುತ್ತಾನೆ. ಒಮ್ಮತ ಬಾರದಿದ್ದರೆ ಇನ್ನೊಂದು ದಿನಕ್ಕೆ ಮುಂದೂಡಿಕೆ. ಮಾತಿನ ಮೇಲೆ ಮಾತು ಬಿದ್ದು ಸತ್ಯ ತಿಳಿಯದಾದಾಗ ಸೇವಾಲಾಲರ ಹೆಸರಲ್ಲಿ ಆಣೆ ಇಡಿಸುವುದೂ ಇದೆ.

1739ರಲ್ಲಿ ಹುಟ್ಟಿದ ಸಂತ ಸೇವಾಲಾಲರ ಜನ್ಮಸ್ಥಳವೆಂದು ಸಮುದಾಯ ನಂಬುವ ಸೂರಗೊಂಡನಕೊಪ್ಪ ಇರುವುದು ಪಕ್ಕದ ದಾವಣಗೆರೆ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲಿ. ಪ್ರತಿ ಫೆಬ್ರುವರಿಯಲ್ಲಿ ಹಾವೇರಿ ಕಡೆಯ ತಾಂಡಾಗಳ ಜನ ಅಲ್ಲಿನ ಜಾತ್ರೆಗೆ ಮಾಲೆ ಧರಿಸಿ ಹೋಗುತ್ತಾರೆ. ಹಾಗೆ ತಾವು ನಡೆದುಕೊಳ್ಳುವ ಸಂತನ ಹೆಸರಲ್ಲಿ ಸುಳ್ಳು ಆಣೆ ಇಡಲು ಎದೆಗಾರಿಕೆ ಬೇಕು.

ಈ ಪದ್ಧತಿಯ ಬಲ ಎಲ್ಲಿದೆ? ಖರ್ಚು ಕಡಿಮೆ, ಬೇಗ ಮುಗಿಯುತ್ತದೆ ಎಂಬುದು ಎಲ್ಲರೂ ಹೇಳುವ ಉತ್ತರ. ಅದು ನಿಜ, ಆದರೆ ಅಷ್ಟೇ ಅಲ್ಲ. ಇಲ್ಲಿ ವ್ಯಾಜ್ಯಕ್ಕೆ ಬಂದವನು ಸ್ವತಃ ಮಾತಾಡುತ್ತಾನೆ, ಅದೂ ತನ್ನದೇ ಭಾಷೆಯಲ್ಲಿ. ಕೋರ್ಟಿನಲ್ಲಿ ಅವನ ಪರವಾಗಿ ಇನ್ನೊಬ್ಬರು, ಅವನಿಗೆ ಪೂರ್ತಿ ತಿಳಿಯದ ಪದಗಳಲ್ಲಿ ಮಾತಾಡುತ್ತಾರೆ. ಅವನು ಹೊರಗೆ ಬೆಂಚಿನ ಮೇಲೆ ಕೂತು ‘ಡೇಟ್ ಕೊಟ್ರಂತ’ ಎಂಬ ಸುದ್ದಿಗಾಗಿ ಕಾಯುತ್ತಾನೆ. ತಾಂಡಾದ ಅಂಗಳದಲ್ಲಿ ಸುತ್ತ ಕೂತವರೂ ಸುಮ್ಮನಿರುವುದಿಲ್ಲ, ಮಾತಿಗೆ ಮಾತು ಸೇರಿಸುತ್ತಾರೆ. ಕೊನೆಗೆ ಒಪ್ಪಂದ ಆದಾಗ ಆ ಕೂತವರೆಲ್ಲ ಅದಕ್ಕೆ ಜಾಮೀನುದಾರರು. ಹಣ ಕೊಡುತ್ತೇನೆಂದು ಒಪ್ಪಿದವನು ನಾಳೆ ಅವರೆಲ್ಲರ ಮುಖ ನೋಡಬೇಕು, ಅವರ ಮನೆಯ ಮದುವೆಗೆ ಹೋಗಬೇಕು. ಪೊಲೀಸರಿಲ್ಲದೆ ತೀರ್ಪು ಜಾರಿಯಾಗುವ ಗುಟ್ಟು ಇದೇ.

ಇದೇ ಗುಟ್ಟನ್ನು ದೂರದ ನ್ಯೂಜಿಲೆಂಡ್ 1989ರಲ್ಲಿ ಕಾನೂನನ್ನಾಗಿಯೇ ಮಾಡಿಕೊಂಡಿತು. ಅಲ್ಲಿನ ಮಾವೊರಿ ಬುಡಕಟ್ಟಿನವರಲ್ಲಿ ಮಗು ದಾರಿ ತಪ್ಪಿದರೆ ಇಡೀ ಬಳಗ ಕೂತು ಮಾತಾಡುವ ರೂಢಿ. ಸರ್ಕಾರ ಅದನ್ನು ‘ಕುಟುಂಬ ಸಭೆ’ ಎಂಬ ಹೆಸರಿನಲ್ಲಿ ಮಕ್ಕಳ ಮತ್ತು ಎಳೆಯರ ಕಾಯ್ದೆಯೊಳಕ್ಕೆ ತಂದಿತು. ತಪ್ಪು ಮಾಡಿದ ಹುಡುಗ, ಅವನ ಬಳಗ, ತೊಂದರೆಗೊಳಗಾದವರು, ಪೊಲೀಸರು ಒಟ್ಟಿಗೆ ಕೂರುತ್ತಾರೆ, ಸಭೆ ನಡೆಸಲು ಸರ್ಕಾರದ ಒಬ್ಬ ಸಂಯೋಜಕ ಇರುತ್ತಾನೆ, ಮೇಲೆ ನ್ಯಾಯಾಲಯದ ಕಣ್ಣಿರುತ್ತದೆ. ಬುಡಕಟ್ಟಿನ ರೂಢಿಗೆ ಕಾನೂನಿನ ಕಾವಲು ಹಾಕಿದ ಕ್ರಮ ಅದು.

ಭಾರತದಲ್ಲೂ ಅಂಥ ಒಂದು ಮಾತು ಕಾನೂನಿನಲ್ಲಿದೆ. ಬುಡಕಟ್ಟು ಪ್ರದೇಶಗಳ ಪಂಚಾಯತಿಗಳಿಗಾಗಿ ಬಂದ 1996ರ ಪೆಸಾ ಕಾಯ್ದೆ, ವ್ಯಾಜ್ಯ ತೀರಿಸುವ ಸಾಂಪ್ರದಾಯಿಕ ಕ್ರಮವನ್ನು ಕಾಪಾಡಿಕೊಳ್ಳುವ ಅಧಿಕಾರವನ್ನು ಗ್ರಾಮಸಭೆಗೆ ಕೊಡುತ್ತದೆ. ಆದರೆ ಅದು ಅನ್ವಯವಾಗುವುದು ಸಂವಿಧಾನದ ಐದನೇ ಅನುಸೂಚಿಯ ಪ್ರದೇಶಗಳಿಗೆ ಮಾತ್ರ. ಕರ್ನಾಟಕದಲ್ಲಿ ಅಂಥ ಪ್ರದೇಶವೇ ಇಲ್ಲ. ಹಾಗಾಗಿ ಬಿಳಿಗಿರಿರಂಗನ ಬೆಟ್ಟದ ಸೋಲಿಗರ ಪೋಡುಗಳಲ್ಲಿ ಯಜಮಾನ, ಪಟ್ಟೇಗಾರ, ಚಾಲುವಾದಿ, ತಮ್ಮಡಿಗಳು ಕೂತು ಮಾಡುವ ನ್ಯಾಯಕ್ಕಾಗಲಿ, ಉತ್ತರ ಕನ್ನಡದ ಹಾಲಕ್ಕಿಗಳ ಗೌಡಿಕೆಗಾಗಲಿ, ಹಾವೇರಿಯ ತಾಂಡಾದ ನಸಾಬಿಗಾಗಲಿ ಪೆಸಾದ ನೆರಳಿಲ್ಲ.

ಲಂಬಾಣಿಗರ ಮಟ್ಟಿಗೆ ಇನ್ನೊಂದು ತೊಡಕೂ ಉಂಟು. ಆಂಧ್ರ, ತೆಲಂಗಾಣಗಳಲ್ಲಿ ಅವರು ಪರಿಶಿಷ್ಟ ಪಂಗಡ, ಮಹಾರಾಷ್ಟ್ರದಲ್ಲಿ ವಿಮುಕ್ತ ಜಾತಿ, ಕರ್ನಾಟಕದಲ್ಲಿ ಪರಿಶಿಷ್ಟ ಜಾತಿ. ಬದುಕು ಒಂದೇ, ಕಾಗದ ಮೂರು. ಇದರಿಂದ ಕೌಟುಂಬಿಕ ಕಾನೂನೂ ಬದಲಾಗುತ್ತದೆ. 1955ರ ಹಿಂದೂ ವಿವಾಹ ಕಾಯ್ದೆ, ಕೇಂದ್ರ ಸರ್ಕಾರ ಬೇರೆ ಅಧಿಸೂಚನೆ ಹೊರಡಿಸದ ಹೊರತು, ಪರಿಶಿಷ್ಟ ಪಂಗಡದವರಿಗೆ ಅನ್ವಯವಾಗುವುದಿಲ್ಲ. ಹಾವೇರಿ ಜಿಲ್ಲೆಯಲ್ಲಿ ನೂರಕ್ಕೆ ಸುಮಾರು ಒಂಬತ್ತು ಮಂದಿ ಪರಿಶಿಷ್ಟ ಪಂಗಡದವರು, ಅವರಲ್ಲಿ ವಾಲ್ಮೀಕಿ ನಾಯಕರೇ ಹೆಚ್ಚು. ಒಂದೇ ಊರಿನ ವಾಲ್ಮೀಕಿ ಓಣಿಯ ದಂಪತಿಗೆ ರೂಢಿಯೇ ಕಾನೂನು, ಊರಾಚೆಯ ತಾಂಡಾದ ದಂಪತಿಗೆ ಹಿಂದೂ ವಿವಾಹ ಕಾಯ್ದೆ. ಇಬ್ಬರೂ ಹಿರಿಯರ ಮುಂದೆ ಸೋಡಚೀಟಿ, ಅಂದರೆ ಬಿಡುಗಡೆ ಪತ್ರ, ಬರೆಸಿಕೊಂಡರೆ ಅದರ ಬೆಲೆ ಒಂದೇ ಆಗಿರುವುದಿಲ್ಲ.

ಸೋಡಚೀಟಿಯ ವಿಷಯ ಸ್ವಲ್ಪ ಬಿಡಿಸಿ ಹೇಳಲೇಬೇಕು, ಏಕೆಂದರೆ ಹೆಚ್ಚು ಹೆಣ್ಣುಮಕ್ಕಳು ಎಡವುವುದು ಇಲ್ಲೇ. ಹಿರಿಯರು ಸಂಬಂಧ ಹರಿದು, ಬಾಂಡ್ ಪೇಪರಿನ ಮೇಲೆ ಬರೆಸಿ, ಎರಡೂ ಕಡೆಯಿಂದ ಸಹಿ, ಹೆಬ್ಬೆಟ್ಟು ಹಾಕಿಸಿ, ‘ಇನ್ನು ನೀ ಬ್ಯಾರೆ, ಅಕಿ ಬ್ಯಾರೆ’ ಎನ್ನುತ್ತಾರೆ. ಆಕೆಗೆ ಉಡಿಕಿ, ಅಂದರೆ ಮರುಮದುವೆಯೂ ಆಗುತ್ತದೆ. ಹಿಂದೂ ವಿವಾಹ ಕಾಯ್ದೆಯ 29ನೇ ಕಲಂ ರೂಢಿಯ ವಿಚ್ಛೇದನವನ್ನು ಉಳಿಸಿಕೊಂಡಿದೆ, ನಿಜ. ಆದರೆ ಅಂಥ ರೂಢಿ ತಮ್ಮ ಸಮುದಾಯದಲ್ಲಿದೆ ಎಂದು ಹೇಳಿಕೊಂಡವರೇ ಅದನ್ನು ಸಾಬೀತು ಮಾಡಬೇಕು. ಕರ್ನಾಟಕದಿಂದಲೇ ಹೋದ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2002ರಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿತು. ಸಾಬೀತಾಗದಿದ್ದರೆ ಆ ಕಾಗದ ಬರೀ ಕಾಗದ, ಮೊದಲ ಮದುವೆ ಹಾಗೆಯೇ ನಿಂತಿರುತ್ತದೆ. ವರ್ಷಗಳ ನಂತರ ಪಿಂಚಣಿಗೋ ಆಸ್ತಿಯ ಪಾಲಿಗೋ ಆಕೆ ಅರ್ಜಿ ಹಾಕಿದಾಗ, ತಾನು ಕಾನೂನಿನ ಕಣ್ಣಲ್ಲಿ ಯಾರ ಹೆಂಡತಿ ಎಂಬ ಪ್ರಶ್ನೆ ಎದುರಾಗುತ್ತದೆ. ಅಂದು ಹಿರಿಯರಾಗಿ ಕೂತವರಲ್ಲಿ ಎಷ್ಟೋ ಮಂದಿ ಆಗ ಬದುಕಿರುವುದೇ ಇಲ್ಲ.

ಇನ್ನು ಆ ಅಂಗಳದಲ್ಲಿ ಹೆಂಗಸರು ಎಲ್ಲಿರುತ್ತಾರೆ? ಬಾಗಿಲ ಬಳಿ, ಗೋಡೆಯಾಚೆ, ಗಂಡಸರ ಬೆನ್ನ ಹಿಂದೆ. ವ್ಯಾಜ್ಯ ಅವರದ್ದೇ, ಪಟ್ಟಿಯಲ್ಲಿರುವ ಬಂಗಾರ ಅವರದ್ದೇ, ಮಗು ಯಾರ ಬಳಿ ಉಳಿಯಬೇಕೆಂಬ ಮಾತು ಅವರ ಹೊಟ್ಟೆಯದ್ದೇ. ಆದರೆ ನಾಯಕ, ಡಾವ್, ಕಾರಭಾರಿ ಮೂವರೂ ಗಂಡಸರು. ಆಕೆಯ ಪರವಾಗಿ ಅಪ್ಪನೋ ಅಣ್ಣನೋ ಮಾತಾಡುತ್ತಾನೆ. ಆಕೆಯನ್ನು ಕೇಳಿದರೂ ‘ಬಾಳ್ವೆ ಮಾಡ್ತೀಯೋ ಇಲ್ಲೋ’ ಎಂಬ ಒಂದೇ ಪ್ರಶ್ನೆ, ಇಡೀ ತಾಂಡಾದ ಎದುರು. ಹೊಡೆತದ ಗಾಯ ಎಲ್ಲಿ ಎಂದು ಅಷ್ಟು ಜನರ ಮುಂದೆ ಯಾವ ಹೆಣ್ಣು ಹೇಳಿಯಾಳು?

ಹೊರಗೆ ಇದೇ ಹೆಂಗಸರು ಬ್ಯಾಡಗಿಯ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಾರೆ, ಕೂಲಿಯ ದರಕ್ಕೆ ಮಾತಾಡಿ ಪಟ್ಟು ಹಿಡಿಯುತ್ತಾರೆ. ಕರ್ನಾಟಕದಲ್ಲಿ 2010ರಿಂದ ಪಂಚಾಯತಿಗಳ ಅರ್ಧದಷ್ಟು ಸ್ಥಾನ ಮಹಿಳೆಯರದು. ತಾಂಡಾದ ಹೆಣ್ಣುಮಗಳು ಗ್ರಾಮ ಪಂಚಾಯಿತಿಗೆ ಆರಿಸಿ ಬಂದು ಅಧ್ಯಕ್ಷರ ಕುರ್ಚಿಯಲ್ಲಿ ಕೂತು ನೀರು, ರಸ್ತೆಯ ಠರಾವು ಮಾಡಬಲ್ಲಳು. ಸಂಜೆ ತನ್ನದೇ ತಾಂಡಾಕ್ಕೆ ಮರಳಿದಾಗ ನ್ಯಾಯಕ್ಕೆ ಕೂತ ಜಮಖಾನೆಯ ಮೇಲೆ ಅವಳಿಗೆ ಜಾಗವಿಲ್ಲ. ಇದು ಸಂಪ್ರದಾಯದ ಹೆಸರಿನಲ್ಲಿ ನಡೆಯುವ ಅನ್ಯಾಯ. ಎಲ್ಲರೂ ಪಾಲುಗೊಳ್ಳುವುದೇ ಈ ಪಂಚಾಯ್ತಿಯ ಬಲವಾಗಿದ್ದರೆ, ಅರ್ಧ ತಾಂಡಾವನ್ನು ಹೊರಗಿಟ್ಟಾಗ ಆ ಬಲವೂ ಅರ್ಧವಾಗುತ್ತದೆ.

ತೀರ್ಪು ಒಪ್ಪದವರ ಗತಿಯ ಕಥೆ ಇನ್ನೂ ಕಠಿಣ. ಹಾಲಕ್ಕಿಗಳಲ್ಲಿ ಊರಗೌಡನ ಮಾತು ಸರಿಬಾರದಿದ್ದರೆ ಮೇಲೆ ಸೀಮೆಗೌಡನ ಬಳಿಗೆ ಹೋಗುವ ದಾರಿ ಉಂಟು. ತಾಂಡಾದಲ್ಲಿ ಹಾಗೆ ಮೆಟ್ಟಿಲುಗಳಿಲ್ಲ, ಹೆಚ್ಚೆಂದರೆ ಹತ್ತು ತಾಂಡಾಗಳ ನಾಯಕರನ್ನು ಸೇರಿಸಬಹುದು. ಅದಕ್ಕೂ ಬಗ್ಗದವನನ್ನು ಕುಲದಿಂದ ಹೊರಗಿಡುವುದು ಹಳೆಯ ಅಸ್ತ್ರ. ಬೆಂಕಿ ಕೊಡಬೇಡಿ, ನೀರು ಕೊಡಬೇಡಿ, ಹೆಣ್ಣು ಕೊಡಬೇಡಿ, ಹೆಣಕ್ಕೆ ಹೆಗಲು ಕೊಡಬೇಡಿ.

ಇದರ ವಿರುದ್ಧ ಈ ನೆಲದಲ್ಲಿ ಕಾನೂನು ಬಂದಿದ್ದು ಬಹಳ ಹಿಂದೆ. 1949ರಲ್ಲಿ ಮುಂಬಯಿ ಪ್ರಾಂತ್ಯ ಬಹಿಷ್ಕಾರ ತಡೆ ಕಾಯ್ದೆ ಮಾಡಿದಾಗ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳು ಧಾರವಾಡ ಜಿಲ್ಲೆಯ ಭಾಗವಾಗಿ ಅದೇ ಪ್ರಾಂತ್ಯದಲ್ಲಿದ್ದವು. ಜಾತಿಯಿಂದ ಹೊರಗಿಡುವುದು ಅಸಿಂಧು, ಮಾಡಿದವರಿಗೆ 1,000 ರೂಪಾಯಿಯವರೆಗೆ ದಂಡ ಎಂದು ಅದು ಹೇಳಿತು. ದಾವೂದಿ ಬೋಹ್ರಾ ಸಮುದಾಯದ ಧರ್ಮಗುರುಗಳು ಅದನ್ನು ಪ್ರಶ್ನಿಸಿದರು, 1962ರಲ್ಲಿ ಸುಪ್ರೀಂ ಕೋರ್ಟ್ ಕಾಯ್ದೆಯನ್ನು ಅನೂರ್ಜಿತಗೊಳಿಸಿತು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಹೊಸ ಕಾಯ್ದೆಯನ್ನೇ ಮಾಡಿತು. ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯಲ್ಲೂ ಬಹಿಷ್ಕಾರ ಅಪರಾಧವೇ. ಆದರೆ ಆ ಕಾಯ್ದೆಯಡಿ ಆರೋಪಿ ಪರಿಶಿಷ್ಟ ಜಾತಿ, ಪಂಗಡಕ್ಕೆ ಸೇರದವನಾಗಿರಬೇಕು. ಲಂಬಾಣಿ ಕುಟುಂಬವೊಂದನ್ನು ಲಂಬಾಣಿ ಪಂಚಾಯ್ತಿಯೇ ಹೊರಗಿಟ್ಟರೆ ಅದು ಕೆಲಸಕ್ಕೆ ಬಾರದು. ತಮ್ಮವರಿಂದಲೇ ನೊಂದವರು ಕಾನೂನಿನ ಈ ಸಂದಿಯಲ್ಲಿ ವರ್ಷಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತ ಬಂದಿದ್ದಾರೆ.

ಪ್ರೀತಿಸಿ ಮದುವೆಯಾದ ವಯಸ್ಕರ ನಡುವೆ ಬಾಯಿ ಹಾಕುವ ಅಧಿಕಾರ ಯಾವ ಪಂಚಾಯ್ತಿಗೂ ಇಲ್ಲ ಎಂದು ಶಕ್ತಿವಾಹಿನಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2018ರ ಮಾರ್ಚ್‌ನಲ್ಲಿ ಹೇಳಿತು. ಅಪ್ರಾಪ್ತ ಬಾಲಕಿಯ ಮೇಲಿನ ದೌರ್ಜನ್ಯವನ್ನು ದಂಡ ಹಾಕಿ, ರಾಜಿ ಮಾಡಿ ಮುಚ್ಚುವಂತೆಯೂ ಇಲ್ಲ. ತಿಳಿದೂ ವರದಿ ಮಾಡದಿರುವುದು 2012ರ ಪೋಕ್ಸೊ ಕಾಯ್ದೆಯಡಿ ಅಪರಾಧ, ಹಿರಿಯರೆಂದು ಕೂತವರಿಗೂ ಅದು ತಟ್ಟುತ್ತದೆ. ಈ ಗೆರೆಗಳ ವಿಷಯದಲ್ಲಿ ರೂಢಿಗೆ ರಿಯಾಯಿತಿ ಇರಕೂಡದು.

ಗೆರೆಯ ಈಚೆಗಿನ ವ್ಯಾಜ್ಯಗಳಲ್ಲಿ ಮಾತ್ರ ಅಂಗಳವೂ ಕೋರ್ಟೂ ಕೈಜೋಡಿಸಲು ಸಾಧ್ಯವಿದೆ. 2023ರ ಮಧ್ಯಸ್ಥಿಕೆ ಕಾಯ್ದೆಯಲ್ಲಿ ಸಮುದಾಯ ಮಧ್ಯಸ್ಥಿಕೆಗೆಂದೇ ಒಂದು ಅಧ್ಯಾಯವಿದೆ. ಊರಿನ ನೆಮ್ಮದಿ ಕೆಡಿಸುವ ವ್ಯಾಜ್ಯಕ್ಕೆ ಮೂವರು ಮಧ್ಯಸ್ಥರು, ಅವರಲ್ಲಿ ಸಮುದಾಯದ ಗೌರವಾನ್ವಿತರು ಇರಬಹುದು, ಮಹಿಳೆಯರ ಪ್ರಾತಿನಿಧ್ಯವನ್ನೂ ಪರಿಗಣಿಸಬಹುದು. ನಾಯಕ, ಡಾವ್, ಕಾರಭಾರಿಗಳ ಮೂವರ ಲೆಕ್ಕಕ್ಕೆ ಇದು ಎಷ್ಟು ಹತ್ತಿರ! ಕೊರತೆಯೆಂದರೆ ಅಲ್ಲಿ ಆದ ಒಪ್ಪಂದಕ್ಕೆ ಡಿಕ್ರಿಯ ಬಲವಿಲ್ಲ.

ಡಿಕ್ರಿಯ ಬಲ ಬೇಕಾದರೆ ಲೋಕ ಅದಾಲತ್ ಇದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯಂತೆ ಅಲ್ಲಿನ ರಾಜಿ ಸಿವಿಲ್ ಕೋರ್ಟಿನ ಡಿಕ್ರಿಗೆ ಸಮ, ಅದರ ಮೇಲೆ ಮೇಲ್ಮನವಿ ಇಲ್ಲ. ಕೋರ್ಟಿನಲ್ಲಿ ಇನ್ನೂ ದಾವೆಯೇ ಹೂಡದ ವ್ಯಾಜ್ಯವನ್ನೂ ಅಲ್ಲಿಗೆ ಒಯ್ಯಬಹುದು. ಅಂಗಳದಲ್ಲಿ ಒಪ್ಪಿದ ಬದುವಿನ ಗಡಿ, ಸಾಲದ ಕಂತು, ಹೆಣ್ಣಿಗೆ ಮರಳಿಸಬೇಕಾದ ಬಂಗಾರ ಇವನ್ನೆಲ್ಲ ನಾಯಕನೇ ಮುಂದೆ ನಿಂತು ಅಲ್ಲಿಗೆ ತಂದರೆ ನೋಟ್‌ಬುಕ್ಕಿನ ಹಾಳೆ ಕೋರ್ಟಿನ ದಾಖಲೆಯಾಗುತ್ತದೆ. ವಿಚ್ಛೇದನವೊಂದನ್ನು ಮಾತ್ರ ಹಾಗೆ ನೇರವಾಗಿ ಪಡೆಯಲಾಗದು, ಅದಕ್ಕೆ ನ್ಯಾಯಾಲಯದ ಆದೇಶವೇ ಬೇಕು. ನಾಯಕರಿಗೆ, ಕಾರಭಾರಿಗಳಿಗೆ ಸರ್ಕಾರ ಗೌರವಧನ ಕೊಡಬೇಕೆಂಬ ಬೇಡಿಕೆ ಸಮುದಾಯದಲ್ಲಿದೆ. 2009ರಲ್ಲಿ ಸ್ಥಾಪನೆಯಾದ ತಾಂಡಾ ಅಭಿವೃದ್ಧಿ ನಿಗಮ ಅದರ ಜೊತೆಗೆ ಕಾನೂನಿನ ತರಬೇತಿಯನ್ನೂ, ಜಮಖಾನೆಯ ಮೇಲೆ ಕನಿಷ್ಠ ಇಬ್ಬರು ಹೆಂಗಸರು ಕೂರಲೇಬೇಕೆಂಬ ಷರತ್ತನ್ನೂ ಸೇರಿಸಿದರೆ ಆ ಹಣ ಸಾರ್ಥಕ.

ಅಲ್ಲಿಯವರೆಗೆ ಕಾಯಲಾಗದವರಿಗೆ ದಾರಿ ಈಗಲೂ ತೆರೆದಿದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಮತ್ತು ಎಲ್ಲ ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರ ನೆರವು ಸಿಗುತ್ತದೆ. ಹಾವೇರಿಯ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರಕ್ಕೋ ತಮ್ಮ ತಾಲ್ಲೂಕಿನ ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೋ ಅರ್ಜಿ ಕೊಡಬೇಕು. ಬರೆಯಲು ಬಾರದವರು ಬಾಯಲ್ಲಿ ಹೇಳಿದರೆ ಅಲ್ಲಿಯವರೇ ಬರೆದುಕೊಳ್ಳುತ್ತಾರೆ. ಅದಕ್ಕೆ ಶುಲ್ಕವೂ ಇಲ್ಲ, ನಾಯಕನ ಒಪ್ಪಿಗೆಯೂ ಬೇಕಿಲ್ಲ.